ರೆಕ್ಕೆಮನೆಯ ಕಲ್ಲು

ಆ ಊರಿನಲ್ಲಿ ಕಲಿತದ್ದಕ್ಕೆ ತೂಕವಿತ್ತು. ಯಾರು ಯಾರಿಂದ ಯಾವ ಕಸುಬು ಕಲಿತರೂ ಕಲಿಸಿದವರು ಕಲಿತವರ ಕೊರಳಿಗೆ ಒಂದು ಕಲ್ಲು ಕಟ್ಟುತ್ತಿದ್ದರು. ಮಡಕೆ ಮಾಡಲು ಕಲಿತವನ ಕಲ್ಲು ಹುಣಸೆಬೀಜದಷ್ಟು. ಗೋಡೆ ಕಟ್ಟಲು ಕಲಿತವನ ಕಲ್ಲು ನಿಂಬೆಹಣ್ಣಿನಷ್ಟು. ಕಲಿತ ಕಸುಬನ್ನು ಕಲಿಸಿದವರಿಗಾಗಿಯೇ ಮಾಡಬೇಕು. ಮಾಡಿದ ಹಾಗೆಲ್ಲ ಕಲಿಸಿದವರು ಆ ಕಲ್ಲನ್ನು ಒಂದೊಂದು ಚಿಟಿಕೆ ಉಜ್ಜಿ ಪುಡಿಯನ್ನು ಗಾಳಿಗೆ ಊದುತ್ತಿದ್ದರು. ಸವೆದು ಸವೆದು ಬರೀ ದಾರ ಉಳಿದ ದಿನ ಕಲಿತವನು ಸ್ವತಂತ್ರ. ಅಲ್ಲಿಯವರೆಗೆ ಅವನು ಬೇರೆಯವರಿಗೆ ಆ ಕಸುಬು ಮಾಡುವಂತಿಲ್ಲ.

ಊರು ಇದ್ದದ್ದು ಒಂದು ಕಮರಿಯ ಅಂಚಿನಲ್ಲಿ. ಈಚೆ ದಡದಲ್ಲಿ ಮನೆಗಳು. ಆಚೆ ದಡದಲ್ಲಿ ಸಂತೆ, ಮದ್ದು ಕೊಡುವವರು, ಸೂಲಗಿತ್ತಿಯರು, ಅವರಾಚೆಗೆ ಊರ ಗಡಿಗಂಬ, ಅದರಾಚೆ ಉಪ್ಪಿನ ಬಯಲು. ಕಟ್ಟಿದ ಸೇತುವೆಗಳನ್ನೆಲ್ಲ ಗಾಳಿ ಕಿತ್ತುಕೊಂಡು ಹೋಗಿತ್ತು. ಬಂಡೆಯಲ್ಲಿ ಕಡಿದ ಮೆಟ್ಟಿಲಿಳಿದು, ತಳದ ಹೊಳೆ ದಾಟಿ, ಆಚೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಒಂದು ಹಗಲು ಮುಗಿಯುತ್ತಿತ್ತು. ಹಾಗಾಗಿ ಊರಿನವರು ಗಾಳಿಯಲ್ಲಿ ದಾಟುತ್ತಿದ್ದರು, ರೆಕ್ಕೆಮನೆಯವರ ಬೆನ್ನ ಮೇಲೆ ಕೂತು.

ಹಗ್ಗ ಹೊಸೆಯುವವನ ಮಗಳು ರೆಕ್ಕೆಮನೆಗೆ ಸೇರಿದ್ದು ಹೀಗೆ. ಅವಳು ಬೆಳೆದ ಹುಡುಗಿಯಾದಾಗ ರೆಕ್ಕೆಮನೆಯ ಯಜಮಾನ ಊರ ಕಟ್ಟೆಗೆ ಬಂದು, "ಧೈರ್ಯವಿದ್ದವರು ಬನ್ನಿ. ನಾನು ಕಲಿಸುತ್ತೇನೆ. ಕೈಯಿಂದ ಏನೂ ಕೊಡಬೇಕಾಗಿಲ್ಲ, ಹಾರಿ ತೀರಿಸಿದರಾಯಿತು" ಎಂದ. ಅವಳು ಮುಂದೆ ಬಂದಳು. ಯಜಮಾನ ತೆಂಗಿನಕಾಯಿಯಷ್ಟು ದಪ್ಪದ ಕಲ್ಲನ್ನು ಅವಳ ಕೊರಳಿಗೆ ಕಟ್ಟಿ, ಎಲ್ಲರೆದುರು ಕೇಳಿದ.

"ಹೊತ್ತವರು ಯಾರು?"

"ನಾನು" ಎಂದಳು.

"ಹೊಣೆ ಯಾರು?"

"ನಾನು" ಎಂದ ಅವಳ ಅಪ್ಪ. ಅವನ ದನಿ ಹೆಮ್ಮೆಯಿಂದ ಒಡೆದುಹೋಯಿತು. ಹೊತ್ತವರು ಊರ ಗಡಿಗಂಬ ದಾಟಿ ತಪ್ಪಿಸಿಕೊಂಡರೆ ಕಲ್ಲು ತಾನಾಗಿ ಹೊಣೆಯವರ ಕೊರಳಿಗೆ ಬಂದು ಬೀಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಅಂಥದ್ದೆಲ್ಲ ಬೇರೆಯವರ ಮನೆಯಲ್ಲಿ ನಡೆಯುವ ಮಾತು ಎಂದುಕೊಂಡಿದ್ದರು.

ಅವಳ ಹೆಗಲಿಗೆ ರೆಕ್ಕೆ ಕಟ್ಟಿದರು. ಅದು ಬೇರು ಬಿಡುವಾಗ ಜ್ವರ ಬಂತು, ನೋವಿಗೆ ಅವಳು ಹಾಸಿಗೆ ಕಚ್ಚಿದಳು. ಆಮೇಲೆ ಅಂಚಿನಿಂದ ತಳ್ಳಿದರು. ಬಿದ್ದಳು, ಮೇಲೆತ್ತಿದರು, ಮತ್ತೆ ತಳ್ಳಿದರು. ಕಲ್ಲು ಮುಂದಕ್ಕೆ ಜಗ್ಗುತ್ತದೆ, ಗಾಳಿ ಹಿಂದಕ್ಕೆ ಜಗ್ಗುತ್ತದೆ. ಎರಡರ ನಡುವೆ ಬೆನ್ನನ್ನು ಹೇಗೆ ಹಿಡಿಯಬೇಕೆಂಬುದನ್ನು ಅವಳ ಮೈಯೇ ಒಂದು ದಿನ ಕಂಡುಕೊಂಡಿತು. ಅಂದಿನಿಂದ ಊರಿನವರು ಅವಳನ್ನು ರೆಕ್ಕೆಯವಳು ಎಂದು ಕರೆದರು.

ರೆಕ್ಕೆಯವಳು ಮದುಮಗಳನ್ನು ದಾಟಿಸಿದಳು. ಜ್ವರದವನನ್ನು ದಾಟಿಸಿದಳು. ಆಗ ತಾನೇ ಹುಟ್ಟಿದ ಕೂಸನ್ನು ಬುಟ್ಟಿಯಲ್ಲಿಟ್ಟು ಅದರ ತಾಯಿಯ ಸಮೇತ ದಾಟಿಸಿದಳು. ಕಮರಿಯ ನಡುವೆ ಒಂದು ಕ್ಷಣ ಗಾಳಿ ಉಸಿರು ಬಿಗಿಹಿಡಿದಂತೆ ನಿಲ್ಲುತ್ತಿತ್ತು. ಆಗ ಬೆನ್ನ ಮೇಲಿನ ಭಾರವೂ ಕೊರಳಿನ ಭಾರವೂ ಇಲ್ಲವಾಗುತ್ತಿದ್ದವು. ಆ ಒಂದು ಕ್ಷಣಕ್ಕಾಗಿ ಇನ್ನೂ ದೊಡ್ಡ ಕಲ್ಲನ್ನಾದರೂ ಹೊತ್ತೇನು ಎಂದು ಅವಳಿಗೆ ಅನ್ನಿಸುತ್ತಿತ್ತು.

ಅವಳ ಜೊತೆಗೆ ಕಲಿತ ಒಬ್ಬ ಜೊತೆಗಾರನಿದ್ದ, ಮುದುಕಿ ತಾಯಿಯ ಒಬ್ಬನೇ ಮಗ. ಅವರೆಲ್ಲರಿಗಿಂತ ಮೊದಲು ಸೇರಿದ ಒಬ್ಬಳಿದ್ದಳು, ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಅಕ್ಕನಿಗೆ ಕಟ್ಟಿದ ಕಲ್ಲು ಎಲ್ಲರದಕ್ಕಿಂತ ದಪ್ಪದ್ದು, ಸವೆದರೂ ಇನ್ನೂ ನಿಂಬೆಹಣ್ಣಿನಷ್ಟಿತ್ತು.

ಒಂದು ವರ್ಷ ಯಜಮಾನ ಕಲ್ಲು ಉಜ್ಜುವುದನ್ನು ತಡಮಾಡತೊಡಗಿದ. "ಕಲ್ಲುಜ್ಜುವ ಅರ ಸವೆದಿದೆ, ಹೊಸದು ಬರಲಿ, ಎಲ್ಲ ಒಟ್ಟಿಗೆ ಉಜ್ಜೋಣ" ಎಂದ. ಅವರು ಹಾರುತ್ತಲೇ ಇದ್ದರು. ಕಲ್ಲು ಹಾಗೆಯೇ ಇತ್ತು.

ಒಂದು ಮುಂಜಾವ ಯಜಮಾನ ರೆಕ್ಕೆಯವಳನ್ನು ಕರೆದ. ಅವನ ಕೈಯಲ್ಲೊಂದು ಪೆಟ್ಟಿಗೆಯಿತ್ತು. "ಆಚೆ ದಡಕ್ಕೆ ಬಿಡು ಮಗಳೇ" ಎಂದ. ಅವಳು ಅವನನ್ನೂ ಪೆಟ್ಟಿಗೆಯನ್ನೂ ಹೊತ್ತು ಹಾರಿದಳು. ಇಳಿದಾಗ ಅವನು ಅವಳ ಕೆನ್ನೆ ತಟ್ಟಿ, "ನಿನ್ನಷ್ಟು ಮೆತ್ತಗೆ ಇಳಿಸುವವರು ನಮ್ಮಲ್ಲಿ ಯಾರೂ ಇಲ್ಲ" ಎಂದ. ಅವಳಿಗೆ ಖುಷಿಯಾಯಿತು. ಆ ಮಾತನ್ನು ಅಪ್ಪನಿಗೆ ಹೇಳಬೇಕೆಂದುಕೊಂಡು ವಾಪಸು ಬಂದಳು. ಬಂದರೆ ರೆಕ್ಕೆಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಗಾಳಿಯ ದಿಕ್ಕು ತೋರುವ ಬಾವುಟವನ್ನು ಇಳಿಸಿದ್ದರು. ಜೊತೆಗಾರ, ಅಕ್ಕ, ಉಳಿದವರೆಲ್ಲ ಹೊರಗೆ ನಿಂತಿದ್ದರು.

"ಯಜಮಾನರನ್ನು ನೋಡಿದೆಯಾ?" ಎಂದು ಅಕ್ಕ ಕೇಳಿದಳು.

ರೆಕ್ಕೆಯವಳು ತಿರುಗಿ ಆಚೆ ದಡದ ಕಡೆ ನೋಡಿದಳು.

ಯಜಮಾನ ತಿರುಗಿ ಬರಲಿಲ್ಲ. ಬಂದವನು ಬೇರೆಯವನು. ಬಿಳಿ ಬಟ್ಟೆ, ಮೆದು ಮಾತು, ಏನೂ ಕಟ್ಟದ ಕೊರಳು. ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದು, "ರೆಕ್ಕೆಮನೆ ಸತ್ತಿತು. ನಾನು ಅದರ ವಾರಸುದಾರ. ನಿಮ್ಮ ಕೊರಳಿನ ಕಲ್ಲುಗಳೆಲ್ಲ ಇನ್ನು ನನ್ನವು" ಎಂದ.

"ಮನೆಯೇ ಸತ್ತ ಮೇಲೆ ಕಲ್ಲು ಯಾಕೆ ಬದುಕಬೇಕು?" ಎಂದಳು ರೆಕ್ಕೆಯವಳು.

"ಕಲ್ಲಿಗೆ ಸಾವಿಲ್ಲವಲ್ಲ ತಾಯಿ."

"ಹಾರಿ ತೀರಿಸಿದರಾಯಿತು ಅಂದಿದ್ದರು. ನಾವು ಬೇಡ ಅಂದಿಲ್ಲ. ಬಾಗಿಲು ತೆಗೆಯಿರಿ, ಈಗಲೇ ಹಾರುತ್ತೇವೆ."

"ನನಗೆ ಹಾರಿಸುವ ವ್ಯವಹಾರ ಗೊತ್ತಿಲ್ಲ. ನನಗೆ ಗೊತ್ತಿರುವುದು ಕಲ್ಲು ಮಾತ್ರ."

"ಒಂದು ವರ್ಷ ಹಾರಿದ್ದೇವೆ, ಒಂದು ಚಿಟಿಕೆ ಉಜ್ಜಿಲ್ಲ. ಅದನ್ನಾದರೂ ಕಳೆಯಿರಿ" ಎಂದ ಜೊತೆಗಾರ.

ವಾರಸುದಾರ ತುಂಬ ಮರುಕದಿಂದ ಅವನನ್ನು ನೋಡಿದ. "ಅದು ಸತ್ತವರು ನಿಮಗೆ ಕೊಡಬೇಕಾದದ್ದು, ಸತ್ತವರ ಜೊತೆ ಹೋಯಿತು. ಇದು ನೀವು ಸತ್ತವರಿಗೆ ಕೊಡಬೇಕಾದದ್ದು, ಉಳಿಯಿತು."

ಅವರು ಕಟ್ಟೆಯ ಹಿರಿಯರ ಹತ್ತಿರ ಹೋದರು. ಹಿರಿಯರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಅವರಲ್ಲಿ ದೊಡ್ಡವನು ಹೇಳಿದ: "ಹಾರುವುದನ್ನು ಕಲಿತಿರೋ ಇಲ್ಲವೋ? ಕಲಿತದ್ದು ಮೈಯಲ್ಲಿದೆ ಅಂದಮೇಲೆ ಕಲ್ಲು ಕೊರಳಲ್ಲಿರಬೇಕು. ಈ ನಿಯಮ ಈ ಬಂಡೆಗಿಂತ ಹಳೆಯದು. ಬದಲಾಯಿಸಲು ನಾವ್ಯಾರು?"

ಕೆಳದಂಡೆಯಲ್ಲಿ ಇನ್ನೊಂದು ರೆಕ್ಕೆಮನೆಯಿತ್ತು. ಅಲ್ಲಿಗೆ ಹೋದರೆ ಬಾಗಿಲಲ್ಲೇ ನಿಲ್ಲಿಸಿ, "ಹಾರಾಟ ಚೆನ್ನಾಗಿದೆ, ಕೊರಳು ಖಾಲಿ ಮಾಡಿಕೊಂಡು ಬನ್ನಿ" ಎಂದರು.

ವಾರಸುದಾರನೇ ಒಂದು ದಾರಿ ತೋರಿಸಿದ. ಮನೆ ಮುಚ್ಚಿದ ಮೇಲೆ ಕಲ್ಲು ಹೊತ್ತವರು ಹಾರುವಂತಿಲ್ಲ, ಆದರೆ ಜನ ದಾಟಲೇಬೇಕಲ್ಲ. ರೆಕ್ಕೆಯವರು ಜನರನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಯಲಿ, ಹೊಳೆ ದಾಟಲಿ, ಮೆಟ್ಟಿಲು ಹತ್ತಲಿ. ಹೋಗಿ ಬಂದರೆ ಅರ್ಧ ಚಿಟಿಕೆ.

ಹೀಗೆ ರೆಕ್ಕೆಯವರು ನಡೆಯತೊಡಗಿದರು. ಇಳಿಯುವಾಗ ರೆಕ್ಕೆಯ ತುದಿ ಮೆಟ್ಟಿಲಿಗೆ ಉಜ್ಜುತ್ತಿತ್ತು. ಹೊಳೆಯಲ್ಲಿ ನೆನೆದು ಭಾರವಾಗುತ್ತಿತ್ತು. ಹತ್ತುವಾಗ ಬೆನ್ನ ಮೇಲಿದ್ದವರು, "ಈ ರೆಕ್ಕೆ ಅಡ್ಡ ಬರುತ್ತದಲ್ಲ, ಮಡಚಿ ಕಟ್ಟಿಕೊಳ್ಳಬಾರದೇ?" ಎನ್ನುತ್ತಿದ್ದರು. ಇಳಿದರು, ದಾಟಿದರು, ಹತ್ತಿದರು. ಮತ್ತೆ ಇಳಿದರು. ತಲೆಯ ಮೇಲೆ ಗಾಳಿ ಖಾಲಿಯಾಗಿ ಬೀಸುತ್ತಿತ್ತು.

ಹಾರದ ರೆಕ್ಕೆ ಒಂದು ಮಳೆಗಾಲ, ಒಂದು ಬೇಸಿಗೆ ತಡೆಯುತ್ತದೆ. ಮರುವರ್ಷ ಮೂಡಗಾಳಿ ಏಳುವ ಹೊತ್ತಿಗೆ ಬೇರುಸಹಿತ ಉದುರುತ್ತದೆ. ಇದೂ ಎಲ್ಲರಿಗೂ ಗೊತ್ತಿತ್ತು.

ಮೊದಲು ತಪ್ಪಿಸಿಕೊಂಡವನು ಜೊತೆಗಾರ. ಒಂದು ಮಧ್ಯಾಹ್ನ, ಕಮರಿಯ ತುಂಬ ಮಂಜು ತುಂಬಿದ್ದಾಗ, ಬೆನ್ನ ಮೇಲಿದ್ದ ವ್ಯಾಪಾರಿಯನ್ನು ಮೆಟ್ಟಿಲ ಮೇಲೆ ಇಳಿಸಿ, "ಸ್ವಲ್ಪ ಕೂತಿರಿ" ಎಂದು ಹೇಳಿ, ರೆಕ್ಕೆ ಬಿಚ್ಚಿ ಮಂಜಿನೊಳಗೆ ಹಾರಿಬಿಟ್ಟ. ಅವನು ಗಡಿಗಂಬ ದಾಟಿದ ಕ್ಷಣ ಊರಿನಲ್ಲಿ ಅವನ ತಾಯಿ ರೊಟ್ಟಿ ಬಡಿಯುತ್ತಿದ್ದಳು. ಕಲ್ಲು ಅವಳ ಕೊರಳಿಗೆ ಬಂದು ಬಿತ್ತು. ಮುದುಕಿ ಮುಗ್ಗರಿಸಿದಳು. ಹಣೆ ಒಲೆಯ ಅಂಚಿಗೆ ತಾಗಿತು.

ರೆಕ್ಕೆಯವಳು ಓಡಿಹೋದಾಗ ಮುದುಕಿ ಅರಿಶಿನ ಮೆತ್ತಿಕೊಂಡು ಕೂತಿದ್ದಳು.

"ದಾಟಿದನಾ?" ಎಂದು ಕೇಳಿದಳು.

"ದಾಟಿದ, ದೊಡ್ಡವ್ವ."

"ಹೋಗಲಿ ಬಿಡು. ಎಲ್ಲಾದರೂ ಇರಲಿ, ಮೇಲಿರಲಿ."

ಅಂದು ಮನೆಗೆ ಬಂದ ರೆಕ್ಕೆಯವಳಿಗೆ ಅಪ್ಪ, ಹೊಸೆಯುತ್ತಿದ್ದ ಹಗ್ಗದಿಂದ ಕಣ್ಣೆತ್ತದೆ, "ನೀನೂ ಹೋಗು" ಎಂದ. "ನನ್ನ ಕೊರಳು ಹೇಗೂ ಬಾಗಿದ್ದೇ. ಇನ್ನಷ್ಟು ಬಾಗಿದರೆ ಯಾರಿಗೂ ಗೊತ್ತಾಗುವುದಿಲ್ಲ."

"ನೀನು ಆ ಮುದುಕಿಯನ್ನು ನೋಡಿಲ್ಲ ಅಪ್ಪ" ಎಂದಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಮುದುಕಿಯ ಕೈಯಲ್ಲಿ ಯಾರನ್ನೂ ಹೊರಲಾಗದು. ಹೊರದೆ ಕಲ್ಲು ಸವೆಯದು. ಅವಳು ಮೆಟ್ಟಿಲ ತಲೆಯಲ್ಲಿ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಹಾಗೆ ಕೂತರೆ ಕೊರಳಿಗೆ ಕೊಂಚ ಆರಾಮ. ರೆಕ್ಕೆಯವಳು ಅವಳ ಮುಂದೆಯೇ ಇಳಿಯಬೇಕು, ಅವಳ ಮುಂದೆಯೇ ಹತ್ತಬೇಕು. ಬೇರೆ ಕಡೆ ನೋಡುತ್ತ ಹೋಗುತ್ತಿದ್ದಳು. ಅವಳ ಕಲ್ಲು ಮೂಡಗಾಳಿಗೆ ಮುಂಚೆ ಮುಗಿಯುವಂತಿತ್ತು. ತಡವಾದರೆ ರೆಕ್ಕೆ ಇರುವುದಿಲ್ಲ. ಆ ಲೆಕ್ಕ ಅವಳ ತಲೆಯಲ್ಲಿ ಹಗಲಿರುಳು ತಿರುಗುತ್ತಿತ್ತು. ಮುದುಕಿ ಒಂದು ದಿನವೂ ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅನ್ನಬಹುದಿತ್ತು.

ಒಂದು ಸಂಜೆ ಹತ್ತಿ ಬಂದಾಗ ಮುದುಕಿ ಗಲ್ಲವನ್ನು ಎದೆಗೆ ಊರಿ ಕೂತಿದ್ದಳು. ತಲೆಯೆತ್ತಿ ನೋಡಲು ಹೋದಳು, ಆಗಲಿಲ್ಲ. "ಯಾರು, ಹಗ್ಗದವನ ಮಗಳಾ? ನಿನ್ನ ಪಾದ ಕಂಡೆ, ಅದಕ್ಕೇ ಗೊತ್ತಾಯಿತು" ಎಂದಳು. ಕಾಲಿನಿಂದ ಜನರನ್ನು ಗುರುತಿಸುವುದನ್ನು ಮುದುಕಿ ಕಲಿತುಕೊಂಡಿದ್ದಳು.

ರೆಕ್ಕೆಯವಳು ವಾರಸುದಾರನ ಮುಂದೆ ನಿಂತು, "ಇವತ್ತಿನದನ್ನು ದೊಡ್ಡವ್ವನ ಕಲ್ಲಿನಿಂದ ಉಜ್ಜಿ" ಎಂದಳು.

"ನಿನ್ನಿಷ್ಟ ತಾಯಿ" ಎಂದ ವಾರಸುದಾರ. ಅವನ ಕಣ್ಣು ಒಂದು ಕ್ಷಣ ಮಿನುಗಿದ್ದನ್ನು ಅವಳು ನೋಡಿದಳು. ಅರ್ಥ ಮಾಡಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಒಂದು ದಿನ ತನಗೆ, ಒಂದು ದಿನ ಮುದುಕಿಗೆ. ಮುದುಕಿಯ ತಲೆ ಮೆಲ್ಲಗೆ ಮೇಲೇಳತೊಡಗಿತು. ಮಳೆಗಾಲ ಕಳೆಯಿತು. ಚಳಿ ಬಂತು. ರೆಕ್ಕೆಯವಳ ಗರಿಗಳು ಮೊದಲು ಬಣ್ಣ ಕಳೆದುಕೊಂಡವು, ಆಮೇಲೆ ಬಿಗಿ ಕಳೆದುಕೊಂಡವು. ಮಲಗಿ ಎದ್ದರೆ ಚಾಪೆಯ ಮೇಲೆ ಗರಿಗಳಿರುತ್ತಿದ್ದವು. ಅಪ್ಪ ಅವನ್ನು ಅವಳು ನೋಡುವ ಮೊದಲೇ ಗುಡಿಸಿಹಾಕುತ್ತಿದ್ದ.

ಚಳಿ ಮುಗಿಯುವಾಗ ಮುದುಕಿ ಸತ್ತಳು. ಮೆಟ್ಟಿಲ ತಲೆಯಲ್ಲಿ ಕೂತಲ್ಲೇ, ಆಕಾಶದ ಕಡೆ ಮುಖ ಮಾಡಿಕೊಂಡು. ಅಷ್ಟರಮಟ್ಟಿಗೆ ಕತ್ತೆತ್ತಲು ಅವಳಿಗೆ ಆಗಿತ್ತು. ಅವಳ ಕಲ್ಲನ್ನು ವಾರಸುದಾರ ಬಿಚ್ಚಿ ಒಳಗಿಟ್ಟುಕೊಂಡ.

ಬೇಸಿಗೆಯ ತುದಿಯಲ್ಲಿ, ಮೂಡಗಾಳಿಯ ಮೊದಲ ತಂಪು ಮೂಗಿಗೆ ಬಂದ ದಿನ, ರೆಕ್ಕೆಯವಳ ಕಲ್ಲು ಮುಗಿಯಿತು. ಕೊರಳಲ್ಲಿ ದಾರ ಮಾತ್ರ ಉಳಿಯಿತು. ದಾರ ಕತ್ತರಿಸುವುದು ಕಟ್ಟೆಯ ಮೇಲೆ, ಎಲ್ಲರೆದುರು. ಅಪ್ಪ ಒಗೆದ ಪಂಚೆ ಉಟ್ಟು ಬಂದಿದ್ದ. ಅಕ್ಕ ಬಂದಿದ್ದಳು. ರೆಕ್ಕೆಯವಳ ಬೆನ್ನ ಮೇಲೆ ಇನ್ನೂ ಒಂದಿಷ್ಟು ಗರಿಗಳಿದ್ದವು. ಕೆಳದಂಡೆಗೆ ಇಂದೇ ಹೊರಟರೆ, ದಿನಾ ಹಾರಿದರೆ, ಬೇರು ಮತ್ತೆ ಹಿಡಿದೀತು.

ವಾರಸುದಾರ ದಾರ ಕತ್ತರಿಸಿದ. ಕತ್ತರಿಸಿ, ತನ್ನ ಹಿಂದಿದ್ದ ಬಟ್ಟೆಯ ಗಂಟಿನಿಂದ ಮುದುಕಿಯ ಕಲ್ಲನ್ನು ತೆಗೆದು, ಅವಳು ತಲೆಯೆತ್ತುವ ಮೊದಲೇ ಅವಳ ಕೊರಳಿಗೆ ಕಟ್ಟಿದ.

"ಇದೇನು?" ಎಂದಳು.

"ಈ ಕಲ್ಲನ್ನು ನೀನು ಉಜ್ಜಿಸಿದ್ದೀಯಲ್ಲ ತಾಯಿ. ಒಂದು ಚಿಟಿಕೆ ಉಜ್ಜಿಸಿದವರು ಉಳಿದದ್ದನ್ನು ಒಪ್ಪಿಕೊಂಡ ಹಾಗೆ."

"ಅವಳ ಕತ್ತು ನೋಯುತ್ತಿತ್ತು ಅಂತ ಉಜ್ಜಿಸಿದೆ!"

"ಯಾಕೆ ಉಜ್ಜಿಸಿದೆ ಅಂತ ಕಲ್ಲು ಕೇಳುವುದಿಲ್ಲ."

ಅವಳು ಹಿರಿಯರ ಕಡೆ ತಿರುಗಿದಳು. ದೊಡ್ಡವನು ನೆಲ ನೋಡುತ್ತ, "ನಿಯಮ ಹಾಗೇ ಇದೆ" ಎಂದ.

ವಾರಸುದಾರ ದನಿಯೆತ್ತಿ ಕೇಳಿದ: "ಹೊತ್ತವರು ಯಾರು?"

ಕಲ್ಲು ಅವಳ ಕೊರಳಲ್ಲೇ ತೂಗುತ್ತಿದ್ದುದರಿಂದ ಉತ್ತರಕ್ಕೆ ಅವನು ಕಾಯಲಿಲ್ಲ.

"ಹೊಣೆ ಯಾರು?"

ಎಲ್ಲರೂ ಹಗ್ಗ ಹೊಸೆಯುವವನ ಕಡೆ ನೋಡಿದರು. ಅವನು ಮುಂದೆ ಬಂದ.

"ನಾನಲ್ಲ" ಎಂದ.

ಕಟ್ಟೆಯ ಸುತ್ತ ಗುಜುಗುಜು ಎದ್ದಿತು. ಹೆತ್ತವನು ಹಾಗೆ ಹೇಳಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. "ಮಗಳಯ್ಯಾ, ನಿನ್ನ ಮಗಳು!" ಎಂದು ಯಾರೋ ಕೂಗಿದರು.

"ಇವಳ ಕಲ್ಲಿಗೆ ಹೊಣೆಯಾಗಿದ್ದೆ, ಅದು ತೀರಿತು. ಈ ಕಲ್ಲಿಗೆ ನಾನು ಹೊಣೆಯಲ್ಲ. ಇವಳಿಗೂ ನನಗೂ ಇದರಲ್ಲಿ ಸಂಬಂಧವಿಲ್ಲ."

ಅಷ್ಟು ದಿನ ಯಾರ ಕೊರಳನ್ನು ಉಳಿಸಲೆಂದು ಮೆಟ್ಟಿಲಿಳಿದಳೋ ಅವನು ಊರೆದುರು ಅವಳನ್ನು ಬಿಟ್ಟುಕೊಟ್ಟಿದ್ದ. ಅಪ್ಪನ ಮುಖ ನೋಡಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ. ಕಮರಿಯ ಮೇಲಿನ ಆಕಾಶವನ್ನು ನೋಡುತ್ತಿದ್ದ, ಕಣ್ಣು ಮಿಟುಕಿಸದೆ, ಅಲ್ಲಿಗೇ ನೋಡು ಎನ್ನುವಂತೆ.

ದೊಡ್ಡ ಹಿರಿಯ ಕೆಮ್ಮಿದ. "ಹೊಣೆಯಿಲ್ಲದ ಕಲ್ಲು ಹೊತ್ತವರು ತಪ್ಪಿಸಿಕೊಂಡರೆ ಕಟ್ಟಿದವರ ಕೊರಳಿಗೇ ಬರುತ್ತದೆ. ಅದೂ ನಿಯಮ" ಎಂದ.

"ಬರಲಿ ಬಿಡಿ" ಎಂದು ವಾರಸುದಾರ ನಕ್ಕ. "ಆಚೆ ದಡದ ಗಡಿಗಂಬಕ್ಕೆ ಕಾವಲಿಟ್ಟಿದ್ದೇನೆ. ಇನ್ನು ಆ ರೆಕ್ಕೆ ನೋಡಿ, ಮೊಟ್ಟೆಗೆ ಕೂತ ಕೋಳಿಗೆ ಇದಕ್ಕಿಂತ ಚೆನ್ನಾಗಿರುತ್ತದೆ. ಎಲ್ಲಿಗೆ ಹೋಗುತ್ತಾಳೆ?"

ಆಗ ಅವಳಿಗೆ ಅಪ್ಪ ಏನು ಮಾಡಿದ್ದಾನೆಂದು ತಿಳಿಯಿತು. ಅವಳು ಅವನ ಕಾಲು ಮುಟ್ಟಲಿಲ್ಲ, ಮುಟ್ಟಿದರೆ ಜನರಿಗೆ ಗೊತ್ತಾಗುತ್ತಿತ್ತು. ಕಟ್ಟೆಯಿಂದ ಇಳಿದು ಅಂಚಿನ ಕಡೆ ನಡೆದಳು. ಹೊರೆ ಹೊರಲು ಹೋಗುತ್ತಿದ್ದಾಳೆಂದು ಜನ ದಾರಿ ಬಿಟ್ಟರು. ಮೆಟ್ಟಿಲ ತಲೆಗೆ ಬಂದವಳು ಇಳಿಯಲಿಲ್ಲ, ಹಾರಿದಳು.

ಕಲ್ಲಿನಂತೆ ಬಿದ್ದಳು. ಗರಿಗಳು ಕಿತ್ತು ಹಿಂದೆ ಹಾರಿಹೋದವು. ಹೊಳೆ ಮೇಲೆದ್ದು ಬರುವುದು ಕಂಡಿತು. ಬೆನ್ನನ್ನು ಹೇಗೆ ಹಿಡಿಯಬೇಕೆಂಬುದು ಮೈಗೆ ಮರೆತುಹೋಗಿತ್ತು. ಆಮೇಲೆ, ತುಂಬ ತಡವಾಗಿ, ನೆನಪಾಯಿತು. ಮೂಡಗಾಳಿ ಅವಳನ್ನು ಎತ್ತಿತು. ಅದು ಹಾರಾಟವೆನ್ನುವಂತಿರಲಿಲ್ಲ. ಹರಿದ ಬಟ್ಟೆಯೊಂದು ಗಾಳಿಗೆ ಸಿಕ್ಕಿ ತಿರುಗುತ್ತ ಹೋದಂತಿತ್ತು. ಹಾಗೆಯೇ ಅವಳು ಆಚೆ ದಡದ ಮೇಲೆ, ಕಾವಲುಗಾರರ ತಲೆಯ ಮೇಲೆ, ಗಡಿಗಂಬದ ಮೇಲೆ ಸಾಗಿ, ಉಪ್ಪಿನ ಬಯಲಿನಲ್ಲಿ ಮುಖ ಕೆಳಗಾಗಿ ಬಿದ್ದಳು. ಕೈಯಿಂದ ಕೊರಳು ಮುಟ್ಟಿಕೊಂಡಳು. ಕೊರಳು ಖಾಲಿಯಿತ್ತು.

ಆ ಗಾಳಿಗಾಲ ಮುಗಿಯುವುದರೊಳಗೆ ಅವಳ ರೆಕ್ಕೆಗಳು ಬೇರುಸಹಿತ ಬಿದ್ದವು. ಅವಳು ಉಪ್ಪಿನ ಬಯಲಿನಲ್ಲಿ ಉಪ್ಪು ಒಡೆಯುವ ಕೆಲಸಕ್ಕೆ ಸೇರಿದಳು. ಜೊತೆಗಾರನನ್ನು ಅಲ್ಲಿ ವಿಚಾರಿಸಿದಳು. ಇನ್ನೂ ದೂರದ ಯಾವುದೋ ರೆಕ್ಕೆಮನೆಯಲ್ಲಿ ಹಾರುತ್ತಿದ್ದಾನೆ, ಚೆನ್ನಾಗಿದ್ದಾನೆ ಎಂದರು. ತಾಯಿ ಸತ್ತ ಸುದ್ದಿಯನ್ನು ಯಾರ ಕೈಯಲ್ಲಿ ಹೇಳಿಕಳಿಸುವುದೆಂದು ಯೋಚಿಸಿ, ಕೊನೆಗೆ ಹೇಳಿಕಳಿಸಲಿಲ್ಲ.

ಒಂದು ದಿನ ಅವಳು ಗಡಿಗಂಬದ ಹತ್ತಿರ ಹೋದಾಗ ಕಂಬದ ಊರ ಕಡೆಗೆ ಅಕ್ಕ ನಿಂತಿದ್ದಳು. ಯಾರನ್ನೋ ಸಂತೆಗೆ ಹೊತ್ತು ತಂದಿದ್ದಳು, ವಾಪಸು ಹೊರಡಲು ಕಾಯುತ್ತಿದ್ದಳು. ಹೋದ ಸಲ ನೋಡಿದಾಗ ಸವೆದು ಗೋಲಿಯಷ್ಟಾಗಿದ್ದ ಅವಳ ಕಲ್ಲು ಈಗ ಅಡಕೆಗಿಂತ ದಪ್ಪಗಿತ್ತು.

"ಅಕ್ಕ, ಇದು ಹೇಗೆ?"

"ನೀನು ದಾಟಿದ ಕೂಡಲೇ ಕಲ್ಲು ವಾರಸುದಾರನ ಕೊರಳಿಗೆ ಬಿತ್ತು. ಅಯ್ಯೋ, ಅವನು ಕೂಗಿದ್ದನ್ನು ನೀನು ಕೇಳಬೇಕಿತ್ತು. ಹಿರಿಯರು ಓಡಿ ಬಂದರು. ದೀಪ ಹಚ್ಚುವ ಹೊತ್ತಿಗೆ ನಿಯಮ ಬದಲಾಯಿಸಿದರು. ಕಲ್ಲನ್ನು ಒಡೆದು ಉಳಿದವರಿಗೆಲ್ಲ ಒಂದೊಂದು ಚೂರು ಕಟ್ಟಿದರು."

"ಬಂಡೆಗಿಂತ ಹಳೆಯದು ಅಂದಿದ್ದರು."

"ಅಂದಿದ್ದರು."

ಕಾವಲುಗಾರ ಅವರ ಕಡೆ ನೋಡಿ, ಸುಮ್ಮನೆ ಎಲೆ ಮೆಲ್ಲುತ್ತ ಕೂತ.

"ನಾವು ಮೆಟ್ಟಿಲ ಮೇಲೆ ಕೂತುಬಿಟ್ಟೆವು ಗೊತ್ತಾ?" ಎಂದಳು ಅಕ್ಕ. "ಬದಲಾಯಿಸಲು ಬರುತ್ತದೆ ಅಂತ ಕಣ್ಣಾರೆ ನೋಡಿದೆವಲ್ಲ. ಇನ್ನೊಂದು ಸಲ ಬದಲಾಯಿಸಿ, ಅಲ್ಲಿಯವರೆಗೆ ಯಾರನ್ನೂ ಹೊರುವುದಿಲ್ಲ ಅಂದೆವು. ಹಿರಿಯರು ಹೆದರಿದ್ದರು. ಇನ್ನೇನು ಆಗುತ್ತದೆ ಅನ್ನುವಾಗ ಒಬ್ಬ ಬಸುರಿಗೆ ನೋವು ಶುರುವಾಯಿತು, ಕೂಸು ಅಡ್ಡ ತಿರುಗಿತ್ತು. ನಾನೇ ಎದ್ದೆ. ನಾನು ಎದ್ದದ್ದು ನೋಡಿ ಎಲ್ಲರೂ ಎದ್ದರು. ಅವನು ನಗುತ್ತಲೇ ಅರ್ಧ ಚಿಟಿಕೆ ಉಜ್ಜಿದ."

"ಕೂಸು?"

"ಉಳಿಯಿತು."

"ನಿನ್ನಪ್ಪ ಆರಾಮಾಗಿದ್ದಾನೆ" ಎಂದಳು ಅಕ್ಕ. "ಮಗಳಿಗೆ ಹೊಣೆಯಾಗದವನ ಹಗ್ಗ ನಂಬುವುದು ಹೇಗೆ ಅಂತ ಊರಿನವರು ಕೊಳ್ಳುವುದು ಬಿಟ್ಟಿದ್ದಾರೆ. ಹೊಸೆಯುವುದನ್ನು ಅವನು ಬಿಟ್ಟಿಲ್ಲ."

"ನನ್ನ ಮೇಲೆ ಸಿಟ್ಟಿದೆಯಾ ಅಕ್ಕ?"

"ಇದೆ. ಮೆಟ್ಟಿಲು ಹತ್ತುವಾಗ ಇರುತ್ತದೆ. ಇಳಿಯುವಾಗ ಅಷ್ಟು ಇರುವುದಿಲ್ಲ." ಅಕ್ಕ ಒಂದು ಹೆಜ್ಜೆ ಹತ್ತಿರ ಬಂದಳು. "ಎಲ್ಲಿ, ತಿರುಗು. ನಮ್ಮವೆಲ್ಲ ಉದುರಿಹೋದವು. ನೀನು ಹಾರಿದವಳು, ನಿನ್ನ ರೆಕ್ಕೆಯನ್ನಾದರೂ ನೋಡುತ್ತೇನೆ."

ರೆಕ್ಕೆಯವಳು ತಿರುಗಿ, ಹೆಗಲ ಮೇಲಿನ ಸೆರಗು ಸರಿಸಿದಳು. ಅಕ್ಕ ಗಡಿಗಂಬದಾಚೆಗೆ ಕೈ ಚಾಚಿ, ಅಲ್ಲಿದ್ದ ಎರಡು ಗಾಯಗಳನ್ನು ಬೆರಳಿನಿಂದ ತಡವಿದಳು. ಉಪ್ಪು ಹತ್ತಿ ಅವು ಇನ್ನೂ ಒಣಗಿರಲಿಲ್ಲ.

"ನಿನ್ನವೂ ಹೋದವಾ?"

"ಹೋದವು."

"ಹಾಗಾದರೆ ಹಾರುವುದು ಈಗ ಯಾರ ಮೈಯಲ್ಲೂ ಇಲ್ಲ." ಅಕ್ಕ ತನ್ನ ಕೊರಳಿನ ಕಲ್ಲನ್ನು ಕೈಯಲ್ಲಿ ಹಿಡಿದು, ಮೊದಲ ಸಲ ನೋಡುತ್ತಿರುವವಳಂತೆ ನೋಡಿದಳು. "ಮತ್ತೆ ಇದು ಯಾವುದರ ತೂಕ?"

ಮೆಟ್ಟಿಲಿನ ಕಡೆಯಿಂದ ಒಬ್ಬ ಗಂಟು ಹಿಡಿದು ನಿಂತವನು, "ಬರುತ್ತೀಯೇನವ್ವಾ, ಹೊತ್ತಾಯಿತು" ಎಂದು ಕೂಗಿದ. ಅಕ್ಕ ಹೋಗಿ ಅವನ ಮುಂದೆ ಬೆನ್ನು ಬಗ್ಗಿಸಿದಳು.